ದೊಣ್ಣೆವರಸೆಯೋ, ಸೀಲಿಂಗ್ ಫ್ಯಾನೋ?

ಬೈಯೋರು ಕೊನೇಲಿ ಬೈಯಿರಿ, ಮೊದಲು ಪೂರ್ತಿ ಓದಿ.

ನಮ್ಮ ಕಡೆ, ಅಂದ್ರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದಿಂದ ಹಿಡಿದು ಆ ಕಡೆ ಕೆಂಗೇರಿ ತನಕ, ಹೊಸಬರಿಗೆ "ದೊಣ್ಣೆವರಸೆ" ಅಂತ ಹೇಳಿಕೊಡೋದನ್ನ ಎರಡು ವರ್ಷದಿಂದ ನೋಡ್ತಾ ಇದ್ದೀನಿ. ನಾನು ನೋಡಿದ್ದರಲ್ಲಿ ಮುಕ್ಕಾಲು ಪಾಲು ದೊಣ್ಣೆವರಸೆಯೇ ಅಲ್ಲ. ಅದು ಕೋಲು ತಿರುಗಿಸೋದು. ನೋಡೋಕೆ ಚೆಂದ, ಮಕ್ಕಳಿಗೆ ಖುಷಿ, ಅಪ್ಪ ಅಮ್ಮಂದಿರಿಗೆ ವಾಟ್ಸಾಪ್ ಸ್ಟೇಟಸ್ಸಿಗೆ ಮೂವತ್ತು ಸೆಕೆಂಡಿನ ವಿಡಿಯೋ. ಆದ್ರೆ ಚಾಪೆ ಮೇಲೆ ಬೋರಲು ಮಲಗಿ ಕೈಕಾಲು ಬಡಿದು "ಈಜು ಬಂತು" ಅಂದ್ರೆ ಒಪ್ಪಿಕೊಳ್ತೀರಾ? ಇದನ್ನ ಮಾತ್ರ ಯಾಕೆ ಒಪ್ಪಿಕೊಳ್ತೀವಿ ಅನ್ನೋದೇ ನನ್ನ ತಕರಾರು.

ನವೆಂಬರ್ ಬಂತು ಅಂದ್ರೆ ನಮ್ಮ ಸುತ್ತಮುತ್ತ ಒಂದು ಬೀದಿ ಬಿಟ್ಟು ಒಂದು ಬೀದೀಲಿ ರಾಜ್ಯೋತ್ಸವದ ಸ್ಟೇಜು. ಹಾಡು, ಸನ್ಮಾನ, ಮತ್ತೆ ಹಾಡು, ಕಾರ್ಪೊರೇಟರ್ ಆಗಬೇಕು ಅಂತಿರೋರ ಭಾಷಣ, ನಡುವೆ "ಈಗ ನಮ್ಮ ನಾಡಿನ ಹೆಮ್ಮೆಯ ದೊಣ್ಣೆವರಸೆ" ಅಂತ ಅನೌನ್ಸ್ಮೆಂಟು. ಎಂಟು ಹತ್ತು ಮಕ್ಕಳು ಹಳದಿ ಕೆಂಪು ಶಾಲು ಸೊಂಟಕ್ಕೆ ಕಟ್ಟಿಕೊಂಡು ಬರ್ತಾವೆ. ಗಿರ್ರ್ ಅಂತ ತಿರುಗಿಸ್ತಾವೆ. ಬೆನ್ನ ಹಿಂದೆ, ಕಾಲಿನ ಸಂದೀಲಿ, ಕತ್ತಿನ ಸುತ್ತ. ಕೊನೇಲಿ ಒಬ್ಬ ದೊಡ್ಡ ಹುಡುಗ ಎರಡೂ ತುದಿಗೆ ಬೆಂಕಿ ಹಚ್ಚಿಕೊಂಡು ತಿರುಗಿಸ್ತಾನೆ. ಚಪ್ಪಾಳೆ. ಆ ಹತ್ತು ನಿಮಿಷದಲ್ಲಿ ಒಂದು ಕೋಲು ಇನ್ನೊಂದು ಕೋಲಿಗೆ ತಾಗಿದ ಸದ್ದು ಎಷ್ಟು ಸಲ ಕೇಳಿಸ್ತು ಅಂತ ಈ ಸಲ ಎಣಿಸಿ ನೋಡಿ. ನಾನು ಕಳೆದ ಸಲ ಎಣಿಸಿದೆ. ಒಂದೂ ಇಲ್ಲ.

ವರಸೆ ಅಂದ್ರೇನು ಸ್ವಾಮಿ? ಕತ್ತಿವರಸೆ, ದೊಣ್ಣೆವರಸೆ ಅಂತೀವಲ್ಲ, ಅದರಲ್ಲಿ ಹೊಡೆತ ಇರಬೇಕು, ತಡೆ ಇರಬೇಕು, ತಪ್ಪಿಸಿಕೊಳ್ಳೋದು ಇರಬೇಕು, ಹುಸಿಯೇಟು ಇರಬೇಕು. ಇವೆಲ್ಲ ಆಗೋದಕ್ಕೆ ಎದುರಿಗೆ ಇನ್ನೊಬ್ಬ ಬೇಕು. ಗಾಳೀನ ತಡೆಯೋಕಾಗುತ್ತಾ? :-)

ತಿರುಗಿಸೋದು ಸುಳ್ಳು ವಿದ್ಯೆ ಅಂತ ನಾನು ಹೇಳ್ತಿಲ್ಲ. ಮಣಿಕಟ್ಟು ಸಡಿಲ ಆಗುತ್ತೆ, ಭುಜ ಬೆಚ್ಚಗಾಗುತ್ತೆ, ಕೋಲಿನ ತೂಕ ಕೈಗೆ ಪರಿಚಯ ಆಗುತ್ತೆ. ಲೆಕ್ಕ ಹಾಕಿದರೆ ಅದರ ಬಲವೂ ಗೊತ್ತಾಗುತ್ತೆ. ಐದು ಅಡಿ ಕೋಲನ್ನ ನಡುವೆ ಹಿಡಿದು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ತುದಿ ಸೆಕೆಂಡಿಗೆ ಸುಮಾರು ಒಂಬತ್ತೂವರೆ ಮೀಟರ್ ಓಡುತ್ತೆ, ಗಂಟೆಗೆ 34 ಕಿಲೋಮೀಟರ್. ಕಾರ್ಡ್ ರೋಡಲ್ಲಿ ಸಂಜೆ ಹೊತ್ತು ಯಾವ ಗಾಡೀನೂ ಆ ವೇಗ ಕಾಣಲ್ಲ ಬಿಡಿ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ನಡುವೆ ಹಿಡಿದು ತಿರುಗಿಸ್ತಿರೋನ ಕೋಲು ಮುಟ್ಟೋದು ಮುಂದಕ್ಕೆ ಎರಡೂವರೆ ಅಡಿ ಮಾತ್ರ. ಎದುರಿಗಿರೋನು ಬುಡ ಹಿಡಿದು ನಿಂತಿದ್ದರೆ ಅವನದ್ದು ನಾಲ್ಕಡಿ ಮುಟ್ಟುತ್ತೆ. ಇವನು ಗಿರ್ರ್ ಅನ್ನಿಸ್ತಾ ಇರುವಾಗಲೇ ಅವನು ಆರಾಮಾಗಿ ಮಂಡಿಗೆ ಒಂದು ಕೊಟ್ಟು ಹಿಂದೆ ಸರಿದಿರ್ತಾನೆ. ಇದನ್ನ ಹೊಸಬನಿಗೆ ಮೊದಲ ವಾರ ಹೇಳೋ ಮೇಷ್ಟ್ರು ಎಷ್ಟು ಜನ ಇದ್ದಾರೆ?

ನನ್ನ ಅಕ್ಕನ ಮಗಳದ್ದೇ ತಗೊಳ್ಳಿ. ಮೊದಲ ಪಿಯುಸಿ. ಕೆಂಗೇರಿ ಕಡೆಯಿಂದ ಮೆಟ್ರೋದಲ್ಲಿ ಓಡಾಡ್ತಾಳೆ, ಟ್ಯೂಷನ್ ಮುಗಿಸಿ ಮನೆ ಸೇರೋವಾಗ ಎಂಟೂವರೆ. ಅಕ್ಕನಿಗೆ ಭಯ. ಹತ್ತಿರದ ಒಂದು ಹಾಲಲ್ಲಿ "ಹತ್ತು ದಿನದಲ್ಲಿ ಆತ್ಮರಕ್ಷಣೆ, ಪ್ರಾಚೀನ ದೊಣ್ಣೆವರಸೆ" ಅಂತ ಬ್ಯಾನರ್ ಇತ್ತು, ಸೇರಿಸಿದಳು. ದುಡ್ಡು ಎಷ್ಟು ಅಂತ ಬರೆಯಲ್ಲ, ಅಷ್ಟರಲ್ಲಿ ಒಳ್ಳೇ ಸೈಕಲ್ ಬರ್ತಿತ್ತು. ಹತ್ತು ದಿನ ಆದ ಮೇಲೆ ಬಣ್ಣಬಣ್ಣದ ಸರ್ಟಿಫಿಕೇಟು, ಸೊಂಟಕ್ಕೊಂದು ಬೆಲ್ಟು. (ದೊಣ್ಣೆವರಸೆಗೆ ಬೆಲ್ಟು! ಗರಡಿ ಉಸ್ತಾದರು ಕೇಳಿದ್ರೆ ಅದೇ ಬೆಲ್ಟಲ್ಲಿ ಬಾರಿಸ್ತಿದ್ರು.) ಹುಡುಗಿ ನಮ್ಮನೆಗೆ ಬಂದು ಟೆರೇಸಲ್ಲಿ ತಿರುಗಿಸಿ ತೋರಿಸಿದಳು. ನಿಜಕ್ಕೂ ಚೆನ್ನಾಗಿ ತಿರುಗಿಸಿದಳು. ಆಮೇಲೆ ಅಂದಳು, "ಇನ್ಮೇಲೆ ಯಾವನಾದ್ರೂ ಬರ್ಲಿ ಮಾಮ, ನೋಡ್ಕೋತೀನಿ."

ಆ ಮಾತು ಕೇಳಿ ನನಗೆ ಹೊಟ್ಟೇಲಿ ಏನೋ ಕಲಸಿದ ಹಾಗಾಯ್ತು. ಮನೇಲಿದ್ದ ಹಳೇ ಮಾಪ್ ಕೋಲು ತಂದೆ. "ನಿಧಾನಕ್ಕೆ ನಿನ್ನ ಭುಜದ ಕಡೆ ತರ್ತೀನಿ ಪುಟ್ಟಿ, ತಡಿ" ಅಂದೆ. ಎಷ್ಟು ನಿಧಾನ ಅಂದ್ರೆ ಮುದುಕರು ರಸ್ತೆ ದಾಟೋ ಹಾಗೆ. ಅವಳು ತಿರುಗಿಸೋಕೆ ಶುರು ಮಾಡಿದಳು. ಮಾಪ್ ಕೋಲು ಹೋಗಿ ಭುಜದ ಮೇಲೆ ಕೂತ್ಕೊಳ್ತು. ಎರಡನೇ ಸಲ ಕಣ್ಣು ಮುಚ್ಚಿಕೊಂಡಳು. ಮೂರನೇ ಸಲ ಎರಡು ಹೆಜ್ಜೆ ಹಿಂದೆ ಸರಿದು ಬಟ್ಟೆ ಒಣಹಾಕೋ ತಂತಿಗೆ ಕೋಲು ಸಿಕ್ಕಿಸಿಕೊಂಡಳು. ಹತ್ತು ದಿನದಲ್ಲಿ ಒಬ್ಬರೂ ಅವಳ ಕಡೆಗೆ ಒಂದು ಕೋಲು ಬೀಸಿರಲಿಲ್ಲ. ಒಂದು ಸಲವೂ!

ತಪ್ಪು ಆ ಮಗುವಿನದ್ದಲ್ಲ. ಅವಳಿಗೆ ಧೈರ್ಯ ಅಂತ ಹೇಳಿ ಮಾರಿದ್ದಾರಲ್ಲ, ಅದು ನನ್ನ ಸಿಟ್ಟು. ನಿಜವಾಗ್ಲೂ ರಾತ್ರಿ ಯಾರಾದ್ರೂ ಅಡ್ಡ ಬಂದ್ರೆ ಓಡಬೇಕಾದ ಹುಡುಗಿ, "ನನಗೆ ಬರುತ್ತೆ" ಅಂತ ನಿಂತುಬಿಟ್ಟರೆ? ಅಷ್ಟಕ್ಕೂ ಆ ಹೊತ್ತಲ್ಲಿ ಐದಡಿ ಕೋಲು ಅವಳ ಕೈಯಲ್ಲಿ ಎಲ್ಲಿರುತ್ತೆ? ಟ್ಯೂಷನ್ ಬ್ಯಾಗಲ್ಲಾ? ಹತ್ತು ದಿನದಲ್ಲಿ ಆತ್ಮರಕ್ಷಣೆ ಅಂತ ಬ್ಯಾನರ್ ಕಟ್ಟೋರು ಈ ಒಂದು ಪ್ರಶ್ನೆಗೆ ಉತ್ತರ ಹೇಳ್ಲಿ ಸಾಕು. ದೊಣ್ಣೆವರಸೆಯಿಂದ ಆತ್ಮರಕ್ಷಣೆಗೆ ಸಿಗೋದು ಬೇರೆ ಥರದ್ದು: ಎದುರಿಗೆ ಏಟು ಬರ್ತಿರುವಾಗ ಕಣ್ಣು ತೆರೆದಿಡೋ ಅಭ್ಯಾಸ, ಎಷ್ಟು ದೂರದಲ್ಲಿ ನಿಂತರೆ ಏಟು ತಾಗಲ್ಲ ಅನ್ನೋ ಅಂದಾಜು, ತಿರುಗಿ ಓಡೋಕೆ ತಯಾರಾಗಿರೋ ಕಾಲು. ಇವಕ್ಕೆ ಹತ್ತು ದಿನ ಸಾಲಲ್ಲ, ಮತ್ತೆ ಇವು ಒಬ್ಬರೇ ತಿರುಗಿಸಿದರೆ ಬರೋವಲ್ಲ.

ಅದಾದ ಮೇಲೆ ನಾನೂ ಅವಳೂ ಕಾಮಾಕ್ಷಿಪಾಳ್ಯದ ಕಡೆಯ ಒಬ್ಬ ಹಿರಿಯರ ಹತ್ರ ಹೋಗೋಕೆ ಶುರು ಮಾಡಿದ್ವಿ. ಚಿಕ್ಕವರಿದ್ದಾಗ ಪೇಟೆ ಕಡೆ ಗರಡೀಲಿ ಸಾಮು ಮಾಡಿದವರು, ಬಿನ್ನಿ ಮಿಲ್ಲಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಹೆಸರು ಹಾಕಬೇಡಪ್ಪಾ ಅಂದಿದ್ದಾರೆ. ಮೊದಲ ದಿನ ಹುಡುಗಿ ತಿರುಗಿಸಿದ್ದನ್ನ ಪೂರ್ತಿ ನೋಡಿದರು. ನೋಡಿ ಕೇಳಿದ್ದು ಇಷ್ಟು: "ಯಾಕಮ್ಮಾ, ಸೆಖೆ ಆಗ್ತಿದ್ಯಾ?"

ಶೀರ್ಷಿಕೆ ಅವರ ಪ್ರಸಾದ. :-)

ಮೊದಲ ಮೂರು ವಾರ ಅವರು ತಿರುಗಿಸೋಕೆ ಬಿಡಲೇ ಇಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಮೇಲೆ ಮುಂದೆ ಹಿಂದೆ ಹೆಜ್ಜೆ. ಆಮೇಲೆ ಪಕ್ಕಕ್ಕೆ. ಆಮೇಲೆ ಓರೆಗೆ. ಕಾಲು ಕಾಲಿಗೆ ಅಡ್ಡ ಬಂದರೆ ಕೋಲಿನ ತುದಿಯಿಂದ ಹಿಮ್ಮಡಿಗೆ ಮೆಲ್ಲಗೆ ತಟ್ಟೋರು. ಮೂರನೇ ವಾರದ ಕೊನೇಲಿ ಎದುರು ಬದುರು ನಿಲ್ಲಿಸಿದರು. ಒಬ್ಬರು ತಲೆಗೆ, ಇನ್ನೊಬ್ಬರು ತಡೆ. ಹತ್ತು ಸಲ. ಅದಲು ಬದಲು. ಆಮೇಲೆ ಪಕ್ಕೆಗೆ, ಆಮೇಲೆ ಮಂಡಿಗೆ, ಆಮೇಲೆ ತಿವಿತ. ಅಷ್ಟೇ. ಟಕ್, ಟಕ್, ಟಕ್. ಸ್ಟೇಜಿನ ಮೇಲೆ ಇದನ್ನ ತೋರಿಸಿದರೆ ಜನ ಎದ್ದು ಪಾನಿಪೂರಿ ತಿನ್ನೋಕೆ ಹೋಗ್ತಾರೆ, ನಿಜ. ಆದರೆ ಎರಡನೇ ತಿಂಗಳಿಗೆ ನನ್ನ ಸೊಸೆ ಕಣ್ಣು ಮುಚ್ಚೋದು ನಿಲ್ಲಿಸಿದಳು.

ಕೊನೆಕೊನೆಗೆ ಎಲ್ಲ ದೇಶದವರೂ ಇಲ್ಲಿಗೇ ಬಂದಿದ್ದಾರೆ ನೋಡಿ. ಫಿಲಿಪ್ಪೀನ್ಸಿನ ಆರ್ನಿಸ್‌ನಲ್ಲಿ (ಅದನ್ನ ಅವರು 2009ರಲ್ಲಿ ಕಾನೂನು ಮಾಡಿ ರಾಷ್ಟ್ರೀಯ ಕ್ರೀಡೆ ಅಂತ ಘೋಷಿಸಿಕೊಂಡರು) ಹೊಸಬನಿಗೆ ಮೊದಲು ಸಿಗೋದು ಒಂದು, ಎರಡು, ಮೂರು ಅಂತ ಎಣಿಸಿದ ಏಟುಗಳು. ಕೆಲವು ಮನೆತನದಲ್ಲಿ ಐದು, ಬಹಳ ಕಡೆ ಹನ್ನೆರಡು. ಜೊತೆಯವನು ನಂಬರ್ ಕೂಗ್ತಾನೆ, ಇವನು ಹೊಡೀತಾನೆ, ಅವನು ತಡೀತಾನೆ. ಯಾವ ಭಾಷೆಯವನು ಹೋದರೂ ಅರ್ಥ ಆಗುತ್ತೆ. ನಮ್ಮಲ್ಲಿ ಅದು ಉಸ್ತಾದರ ತಲೇಲಿ ಉಳಿದುಬಿಡ್ತು.

ಈಗ ನಮ್ಮ ಅಭಿಮಾನಿಗಳ ಸರದಿ. ತಮಿಳರ ಸಿಲಂಬಂ 2024ರ ಜನವರೀಲಿ ಚೆನ್ನೈ ಮತ್ತಿತರ ಕಡೆ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಪ್ರದರ್ಶನ ಆಟವಾಗಿ ಬಂದಾಗ ನನ್ನ ಫೋನಿಗೆ ಬಂದ ಫಾರ್ವರ್ಡುಗಳನ್ನ ನೀವು ನೋಡಬೇಕಿತ್ತು. "ಕನ್ನಡಿಗರಿಗೆ ಮತ್ತೆ ಅನ್ಯಾಯ", "ನಮ್ಮ ದೊಣ್ಣೆವರಸೆ ಎಲ್ಲಿ?" ಅದಕ್ಕೂ ಮೊದಲು, 2022ರ ಜೂನ್‌ನಲ್ಲಿ ಹರಿಯಾಣದಲ್ಲಿ ನಡೆದ ಕೂಟದಲ್ಲೇ ಕೇರಳದ ಕಳರಿಪಯಟ್ಟು, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್-ತಾ ಎಲ್ಲ ಸೇರಿದ್ದವು. ಆಗಲೂ ಇದೇ ಅಳು.

ಅನ್ಯಾಯ ಯಾರು ಮಾಡಿದ್ದು ಗುರು? ಆಟ ಅನ್ನಿಸಿಕೊಳ್ಳಬೇಕಾದರೆ ಗೆದ್ದೋರ್ಯಾರು ಸೋತೋರ್ಯಾರು ಅಂತ ಹೇಳೋಕೆ ಬರಬೇಕು. ಸಿಲಂಬಂನವರು ಕೋಲಿನ ಉದ್ದ ಇಷ್ಟು, ಅಂಗಳ ಇಷ್ಟು, ಮೈಗೆ ತಾಗಿದರೆ ಇಷ್ಟು ಅಂಕ ಅಂತ ಕೂತು ಜಗಳ ಆಡಿ ಬರೆದುಕೊಂಡರು. ತಿರುಗಿಸೋ ಸ್ಪರ್ಧೆ ಅವರಲ್ಲೂ ಇದೆ, ಆದರೆ ಅದು ಬೇರೆ ವಿಭಾಗ, ಎದುರಾಳಿ ಜೊತೆ ಆಡೋದು ಬೇರೆ ವಿಭಾಗ. ನಾವು? ರಾಜ್ಯೋತ್ಸವಕ್ಕೆ ಬೆಂಕಿ ಹಚ್ಚಿಕೊಂಡು ತಿರುಗಿಸಿದ್ವಿ. ನಮ್ಮ ಅಣ್ಣಂದಿರಲ್ಲಿ ಎಷ್ಟೋ ಜನ "ಸಿಲಂಬಂ ಹುಟ್ಟಿದ್ದೇ ನಮ್ಮಿಂದ" ಅಂತ ವಾದ ಮಾಡ್ತಾರೆ, ಕೈಗೆ ಒಂದು ಕೋಲು ಕೊಟ್ಟು "ತಲೆ ಕಾಯ್ಕೊಳಿ" ಅಂದ್ರೆ ಟೀ ಕುಡಿಯೋಣ ಬನ್ನಿ ಅಂತಾರೆ.

ಇನ್ನು ಆ "ಐದು ಸಾವಿರ ವರ್ಷ" ಅನ್ನೋದು. ಹಾಲಿನ ಬ್ಯಾನರಲ್ಲೂ ಅದೇ ಇತ್ತು. ಯಾಕೆ ಬೇಕು ಈ ಸುಳ್ಳು? ಬೇಗೂರಿನ ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರು ಅನ್ನೋ ಹೆಸರು ಬರೋದೇ ಒಂದು ಕಾಳಗದ ಜೊತೆ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರಿಗೊಂದು ಅಧ್ಯಾಯ, ಆಯುಧ ಹಿಡಿದು ಕಾದಾಡೋ ಅಂಕಕಾರರಿಗೆ ಇನ್ನೊಂದು ಅಧ್ಯಾಯ ಇದೆ. ಬೆಂಗಳೂರು ಕರಗದ ವೀರಕುಮಾರರು ಇವತ್ತಿಗೂ ಅಲಗು ಸೇವೆ ಮಾಡ್ತಾರೆ, ಗರಡಿಯ ನಂಟು ಇಟ್ಟುಕೊಂಡಿದ್ದಾರೆ. ಇಷ್ಟು ಗಟ್ಟಿ ಆಸ್ತಿ ಕಣ್ಮುಂದೆ ಇರುವಾಗ ಯಾರೋ ಫೋಟೋಶಾಪಲ್ಲಿ ಮಾಡಿದ ಐದು ಸಾವಿರ ವರ್ಷ ಯಾಕೆ? ಹಾಗಂತ ಮಾನಸೋಲ್ಲಾಸದ ಅಂಕಕಾರ ಮಾಡಿದ್ದೇ ಇವತ್ತಿನ ದೊಣ್ಣೆವರಸೆ ಅಂತ ನಾನೂ ಹೇಳಲ್ಲ. ಅದನ್ನ ತೋರಿಸಿಕೊಡೋದಕ್ಕೆ ನಡುವಿನ ದಾರಿ ಬೇಕು, ಹಾರೋಕಾಗಲ್ಲ.

ಬರೆದಿಡೋ ವಿಷಯಕ್ಕೆ ಇನ್ನೊಂದು ಮಾತು. ಬರೋಡಾದಲ್ಲಿ ಮುಜುಮ್ದಾರ್ ಅನ್ನೋರು 1930-40ರ ದಶಕದಲ್ಲಿ ಹತ್ತು ಸಂಪುಟದ ವ್ಯಾಯಾಮ ಜ್ಞಾನಕೋಶವನ್ನ ಮರಾಠೀಲಿ ತಂದರು, ಲಾಠಿ ಎಲ್ಲ ಅದರಲ್ಲಿದೆ. ಅದಕ್ಕೂ ಮುಂಚೆ, 1923ರಲ್ಲಿ, ಇಂಡಿಯನ್ ಪೊಲೀಸಿನಲ್ಲಿದ್ದ ಲ್ಯಾಂಗ್ ಅನ್ನೋ ಇಂಗ್ಲಿಷ್ ಅಧಿಕಾರಿ ಕೈಗೋಲಿನಿಂದ ಕಾದಾಡೋ ವಿಧಾನದ ಬಗ್ಗೆ ಫೋಟೋ ಸಮೇತ ಪುಸ್ತಕ ಬರೆದ. ಪಾಠದ ಮೂಲ ವಿನ್ಯಿ ಅನ್ನೋ ಸ್ವಿಸ್ ಮೇಷ್ಟ್ರದ್ದು. ಅದು ಮುಂದೆ ಹೀಬ್ರೂಗೆ ಹೋಗಿ ಯಹೂದಿ ಸ್ವಯಂಸೇವಕ ಪಡೆಗಳೂ ಕಲಿತವು. ಒಂದು ಪುಸ್ತಕ ಎಲ್ಲಿಂದೆಲ್ಲಿಗೆ ಹೋಯ್ತು ನೋಡಿ! ನಮ್ಮಲ್ಲಿ ಕೆ.ವಿ. ಅಯ್ಯರ್ ಅಂಥವರು ಇದ್ದರು. ಬೆಂಗಳೂರಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಗಸಾಧನೆಯ ಬಗ್ಗೆ ಪುಸ್ತಕ ಬರೆದು, ಅದೇ ಕೈಯಲ್ಲಿ ಶಾಂತಲಾ, ರೂಪದರ್ಶಿ ಕಾದಂಬರಿಗಳನ್ನೂ ಬರೆದರು. ಮೈಗೂ ಬರಹಕ್ಕೂ ಜಗಳ ಇರಲಿಲ್ಲ. ಆದರೆ ಇವತ್ತು ಕೋಲು ಹಿಡಿಯಬೇಕು ಅನ್ನೋ ಹೊಸಬನ ಕೈಗೆ "ತಗೋ ಓದು" ಅಂತ ಕೊಡಬಹುದಾದ ಕನ್ನಡ ಪುಸ್ತಕ ನನ್ನ ಕಣ್ಣಿಗಂತೂ ಇನ್ನೂ ಬಿದ್ದಿಲ್ಲ.

ಸರಿ, ಬೈದದ್ದಾಯ್ತು. ಶುರು ಮಾಡಬೇಕು ಅನ್ನೋರಿಗೆ ನನಗೆ ಗೊತ್ತಾದಷ್ಟು ಹೇಳ್ತೀನಿ.

ಕೋಲಿಗೆ ಆನ್‌ಲೈನಲ್ಲಿ ಸಾವಿರಗಟ್ಟಲೆ ಸುರೀಬೇಡಿ. ಬಂಬೂ ಬಜಾರಿಗೆ ಹೋಗಿ ಕಿರುಬಿದಿರು ಕೇಳಿ, ಗಂಡುಬಿದಿರು ಅಂತಲೂ ಅಂತಾರೆ. ಒಳಗೆ ಪೊಳ್ಳು ಕಮ್ಮಿ, ಲಾಠಿ ಮಾಡೋದೂ ಇದರಲ್ಲೇ. ಒಂದು ಇಂಚು ದಪ್ಪ, ನೆಲದಿಂದ ನಿಮ್ಮ ಹುಬ್ಬಿನ ತನಕ ಉದ್ದ, ಗೆಣ್ಣು ಹತ್ತಿರ ಹತ್ತಿರ ಇರಬೇಕು. ಅಂಗಡಿಯಲ್ಲೇ ನೆಲಕ್ಕೆ ಬಡಿದು ಸದ್ದು ಕೇಳಿ. ಪರಪರ ಅಂದರೆ ಸೀಳು ಬಿಟ್ಟಿದೆ ಅಂತ, ವಾಪಸ್ ಇಡಿ. ಬಿದಿರು ಸೀಳಿದರೆ ಚೂರಿ ಥರ ಸಿಬಿರು ಏಳುತ್ತೆ, ಕಣ್ಣಿಗೆ ಅಪಾಯ. ಜೋಡಿ ಅಭ್ಯಾಸಕ್ಕೆ ಬೆತ್ತ ಸಿಕ್ಕಿದರೆ ಇನ್ನೂ ವಾಸಿ, ಅದು ಸೀಳೋ ಬದಲು ನಾರು ನಾರಾಗಿ ಸವೆಯುತ್ತೆ. ಗೆಣ್ಣುಗಳನ್ನ ಮರಳು ಕಾಗದದಲ್ಲಿ ಉಜ್ಜಿ, ಎಣ್ಣೆ ಸವರಿ, ವಾರಕ್ಕೊಂದು ಸಲ ಬೆರಳಾಡಿಸಿ ನೋಡಿ.

ಮುಖ್ಯವಾಗಿ, ಇಬ್ಬರು ಸೇರಿ ಹೋಗಿ. ಅಣ್ಣ ತಂಗಿ, ಗಂಡ ಹೆಂಡತಿ, ಆಫೀಸಿನ ಪಕ್ಕದ ಸೀಟಿನವರು, ಯಾರಾದ್ರೂ ಸರಿ. (ಗಂಡ ಹೆಂಡತಿ ಆದ್ರೆ ಹಿಂದಿನ ದಿನದ ಜಗಳ ಮುಗಿಸಿಕೊಂಡು ಬನ್ನಿ.) ಒಬ್ಬರೇ ಕಲಿತ ಕೋಲಿನಲ್ಲಿ ದೂರದ ಅಂದಾಜು ಬರಲ್ಲ. ಕಣ್ಣಿಗೆ ಕನ್ನಡಕ, ಬೆರಳಿಗೆ ದಪ್ಪ ಗ್ಲೌಸು, ವೇಗ ಹೆಚ್ಚಿಸೋ ಹೊತ್ತಿಗೆ ಜಾಲರಿ ಇರೋ ಹೆಲ್ಮೆಟ್ಟು. ಇದರಲ್ಲಿ ಗಂಡಸ್ತನ ಹೋಗಲ್ಲ, ಬೆರಳು ಉಳಿಯುತ್ತೆ. ಮಣಿಕಟ್ಟು ನೋವು ಬಂದರೆ ಎರಡು ದಿನ ಬಿಡಿ.

ಜಾಗದ್ದೇ ತಲೆನೋವು. ಪಾರ್ಕಲ್ಲಿ ವಾಕಿಂಗಿನವರು ಹೆದರ್ತಾರೆ, ತಪ್ಪೂ ಇಲ್ಲ. ಟೆರೇಸಲ್ಲಿ ತಂತಿ, ಟ್ಯಾಂಕು. ಬೆಳಗ್ಗೆ ಖಾಲಿ ಇರೋ ಶಾಲೆ ಅಂಗಳ ಕೇಳಿ ನೋಡಿ. ರಸ್ತೇಲಿ ಕೋಲು ಹಿಡ್ಕೊಂಡು ಹೋದ್ರೆ ಪೊಲೀಸಿನವರು ಕೇಳ್ತಾರಾ ಅಂತ ಬಹಳ ಜನ ಕೇಳಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆ "ಆಯುಧ" ಅಂದ್ರೇನು ಅಂತ ಹೇಳುವಾಗ ಮನೆ ಅಥವಾ ಬೇಸಾಯದ ಬಳಕೆಗಷ್ಟೇ ಮಾಡಿದ ಲಾಠಿ, ಮಾಮೂಲಿ ಕೈಗೋಲನ್ನ ಹೆಸರು ಹಿಡಿದು ಹೊರಗಿಟ್ಟಿದೆ. ಆದರೆ ನಿಷೇಧಾಜ್ಞೆ ಇದ್ದ ದಿನ ಕೋಲು ಮನೇಲೇ ಇರಲಿ. ಆ ಆಜ್ಞೆಗಳಲ್ಲಿ ದೊಣ್ಣೆ ಹಿಡಿದು ಓಡಾಡಬಾರದು ಅಂತ ಸಾಮಾನ್ಯವಾಗಿ ಬರೆದಿರುತ್ತೆ.

ಮೇಷ್ಟ್ರನ್ನ ಆರಿಸೋದು ಹೇಗೆ ಅಂತೀರಾ? ಸೇರೋ ಮುಂಚೆ ಒಂದು ದಿನ ಸುಮ್ಮನೆ ಕೂತು ನೋಡಿ. ಆ ಒಂದು ಗಂಟೇಲಿ ಕೋಲಿಗೆ ಕೋಲು ತಾಗಿತಾ? ಮೇಷ್ಟ್ರು ತಾವೇ ಎದುರು ನಿಂತು ಶಿಷ್ಯನ ಏಟು ತಡೆದರಾ? ಹೊಸಬನ ಕಾಲು ನೋಡಿದರಾ, ಇಲ್ಲಾ ಮೊಬೈಲು ನೋಡಿದರಾ? ತಾಗದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅವರು ಯಾವ ಪಂಥದವರು, ಯಾವ ಊರಿನವರು, ತಮಿಳರಾ ಕನ್ನಡದವರಾ ಅಂತ ನೋಡಬೇಡಿ. ನಮ್ಮ ಕಡೆ ಒಬ್ಬನಿಗೆ ಕೋಲಿನ ಮೊದಲ ಪರಿಚಯ ಶಾಖೆಯ ದಂಡದಿಂದ ಆಗಿರುತ್ತೆ, ಇನ್ನೊಬ್ಬನಿಗೆ ಊರಿನ ಮೊಹರಂನಿಂದ, ಮತ್ತೊಬ್ಬನಿಗೆ ಮನೆ ಹತ್ತಿರದ ಸಿಲಂಬಂ ಕ್ಲಾಸಿಂದ. ಬೆಳಗ್ಗೆ ಆರೂವರೆಗೆ ತಲೆ ಮೇಲೆ ಕೋಲು ಬರುವಾಗ ಇವೆಲ್ಲ ಒಂದೇ.

ಬ್ಲಾಗಿಗರಿಗೆ ಒಂದು ಕೆಲಸ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಊರಲ್ಲಿ, ನಿಮ್ಮ ಬೀದೀಲಿ ಗರಡಿ ಕಂಡ ಹಿರಿಯರು ಇದ್ದೇ ಇರ್ತಾರೆ. ಹೋಗಿ ಕೂತ್ಕೊಳ್ಳಿ. ಯಾವ ಏಟಿಗೆ ಏನಂತಿದ್ರಿ, ಯಾವ ಹೆಜ್ಜೆ ಮೊದಲು ಕಲಿಸ್ತಿದ್ರು, ಯಾವ ತಡೆ ಯಾವ ಏಟಿಗೆ ಅಂತ ಕೇಳಿ ಅವರ ಮಾತಲ್ಲೇ ಬರೆದು ಹಾಕಿ. "ನಮ್ಮ ಪ್ರಾಚೀನ ಪರಂಪರೆ" ಅಂತ ಮುನ್ನುಡಿ ಬೇಡ, ನೇರ ಏಟಿನ ಹೆಸರಿಂದ ಶುರು ಮಾಡಿ. ನಮ್ಮ ಬಿನ್ನಿ ಮಿಲ್ ತಾತನವರದ್ದನ್ನ ನಾನು ಒಂದು ನೋಟ್‌ಬುಕ್ಕಲ್ಲಿ ಬರೀತಿದ್ದೀನಿ, ಇಪ್ಪತ್ತು ಪುಟ ಆಗಿದೆ. ಅರ್ಧ ಪುಟ ಚಿತ್ರಗಳು ಕಡ್ಡಿ ಮನುಷ್ಯರ ಥರ ಇವೆ, ನಗಬೇಡಿ.

ಮಾಗಡಿ ರಸ್ತೆ, ಹಾವನೂರು ಸರ್ಕಲ್, ವಿಜಯನಗರ ಕಡೆಯವರು ಯಾರಾದ್ರೂ ಓದ್ತಿದ್ರೆ ಕಾಮೆಂಟಲ್ಲಿ ಹೇಳಿ. ಭಾನುವಾರ ಬೆಳಗ್ಗೆ ನನ್ನ ಸೊಸೆಗೆ ಎದುರು ನಿಲ್ಲೋಕೆ ಜನ ಬೇಕು, ನನ್ನ ಬೆರಳಿನ ಗೆಣ್ಣುಗಳು ಸಾಕು ಅಂತಿವೆ. ಕೋಲು ತರಬೇಕಾಗಿಲ್ಲ, ಒಂದು ಹೆಚ್ಚಿಗೆ ಇದೆ.